ಕ್ರೆಮ್ಲಿನ್‌ಗೆ ಅರ್ಧ ದಿನ ಸಾಕು, ತಾತಾರ್ ಬೀದಿಗೆ ಒಂದು ದಿನ ಬೇಕು

ಹೋದ ಸಂಚಿಕೆಯಲ್ಲಿ ರಷ್ಯಾದ ಕಜಾನ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ವೋಲ್ಗಾ ನದಿ ದಡದ ಊರು, ತಾತಾರ್‌ಸ್ತಾನ್ ಗಣರಾಜ್ಯದ (ಬಹುಪಾಲು ಮುಸ್ಲಿಮರಾದ ತಾತಾರ್ ಜನರ ನಾಡು) ರಾಜಧಾನಿ, ಒಂದೇ ಕೋಟೆಯೊಳಗೆ ಮಸೀದಿ ಮತ್ತು ಚರ್ಚು ಇವೆ ಅಂತ. ಅಷ್ಟಕ್ಕೇ ಕೊಡಗಿನ ಮೂಲೆಮೂಲೆಯಿಂದ ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದ ಪತ್ರಗಳನ್ನು ಮೊಟಕು ಮಾಡಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬೇಡ, ಊರು ಸಾಕು.

ಪ್ರಶ್ನೆ: ಮಗಳು ಕಜಾನ್‌ನಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಮಳೆಗಾಲ ಶುರುವಾದ ಮೇಲೆ ತೋಟದಲ್ಲಿ ಕೆಲಸ ಕಡಿಮೆ, ಆಗ ನಾನೂ ಯಜಮಾನರೂ ಹೋಗಿ ನೋಡಿಕೊಂಡು ಬರೋಣ ಅಂತ. ಇಬ್ಬರೂ ವಿದೇಶಕ್ಕೆ ಹೋದವರಲ್ಲ. ವೀಸಾ, ದುಡ್ಡು, ದಾರಿ ಎಲ್ಲ ಹೇಗೆ? (ಒಬ್ಬ ತಾಯಿ, ನಾಪೋಕ್ಲು)

ಅಕ್ಕ, ವೀಸಾ ನೀವು ಹೆದರಿದಷ್ಟು ಕಷ್ಟ ಇಲ್ಲ. ಭಾರತೀಯರಿಗೆ 2023ರ ಆಗಸ್ಟ್‌ನಿಂದ ರಷ್ಯಾದ ಇ-ವೀಸಾ ಸಿಗುತ್ತಿದೆ. ಅವರ ವಿದೇಶಾಂಗ ಇಲಾಖೆಯ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬೇಕು, ಫೋಟೋ ಮತ್ತು ಪಾಸ್‌ಪೋರ್ಟಿನ ಪುಟ ಅಪ್‌ಲೋಡ್ ಮಾಡಬೇಕು, ಸಾಮಾನ್ಯವಾಗಿ ನಾಲ್ಕು ದಿನದಲ್ಲಿ ಬರುತ್ತದೆ. ಮೊದಲು 16 ದಿನ ಮಾತ್ರ ಇರಬಹುದಿತ್ತು, 2025ರ ಆಗಸ್ಟ್‌ನಿಂದ ಅದು 30 ದಿನ ಆಗಿದೆ. ಒಂದು ಸಲ ಒಳಗೆ ಹೋಗಿ ಹೊರಗೆ ಬಂದರೆ ಮುಗಿಯಿತು, ಅದೇ ವೀಸಾದಲ್ಲಿ ಮತ್ತೆ ಹೋಗುವ ಹಾಗಿಲ್ಲ. ನಮ್ಮ ಕಡೆ ಎಡವಟ್ಟಾಗುವುದು ಹೆಸರಲ್ಲಿ. ಮನೆತನದ ಹೆಸರು ಆಧಾರ್‌ನಲ್ಲಿ ಮುಂದೆ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಹಿಂದೆ ಇರುತ್ತದೆ, ಬ್ಯಾಂಕಿನಲ್ಲಿ ಬರೀ ಒಂದಕ್ಷರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಆಚೀಚೆ ಆಗದ ಹಾಗೆ ತುಂಬಿ. ಅರ್ಜಿ ಹಾಕುವ ವಾರ ನಿಯಮಗಳನ್ನು ಇನ್ನೊಮ್ಮೆ ಓದಿ. ಪ್ರವಾಸದ ಆರೋಗ್ಯ ವಿಮೆ ಮಾಡಿಸದೆ ಹೊರಡಬೇಡಿ.

ದುಡ್ಡಿನ ವಿಷಯವೇ ದೊಡ್ಡದು, ಸ್ವಲ್ಪ ಗಮನ ಕೊಟ್ಟು ಓದಿ. ನಮ್ಮ ಬ್ಯಾಂಕುಗಳು ಕೊಡುವ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡುಗಳು 2022ರ ಮಾರ್ಚ್‌ನಿಂದ ರಷ್ಯಾದಲ್ಲಿ ನಡೆಯುವುದಿಲ್ಲ. ಎಟಿಎಂನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಯುಪಿಐ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಡಾಲರ್ ಅಥವಾ ಯೂರೋ ನೋಟು ಒಯ್ದು ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಳ್ಳುವುದೇ ನೆಟ್ಟಗಿನ ದಾರಿ. ನೋಟು ಹೊಸದಾಗಿರಲಿ. ಪೆನ್ನಿನ ಗೀರು, ಸೀಲು, ಹರಿದ ಅಂಚು ಇದ್ದರೆ ತಗೊಳ್ಳದೇ ಇರಬಹುದು. ಬೇರೆ ದೇಶಗಳಿಗೆ ಹೋಗುವಾಗ ವಿದೇಶಿ ನೋಟು ರೂಪದಲ್ಲಿ ಇಷ್ಟೇ ಎಂಬ ಮಿತಿ ಇದೆ, ಸಾಮಾನ್ಯವಾಗಿ 3,000 ಡಾಲರ್. ರಷ್ಯಾಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ವಿನಾಯಿತಿ ಇದೆ. ಮಡಿಕೇರಿಯ ಬ್ಯಾಂಕಿನಲ್ಲಿ ಕೌಂಟರಿನವರಿಗೆ ಇದು ಗೊತ್ತಿಲ್ಲದೇ ಇರಬಹುದು, ಮ್ಯಾನೇಜರ್ ಹತ್ತಿರ ಕೂತು ಕೇಳಿ. 10,000 ಡಾಲರ್ ಮೀರಿದರೆ ಅಲ್ಲಿನ ಕಸ್ಟಮ್ಸ್‌ಗೆ ಬರೆದುಕೊಡಬೇಕು, ಅಷ್ಟೆಲ್ಲ ನಿಮಗೆ ಬೇಕಾಗುವುದಿಲ್ಲ ಬಿಡಿ.

ಹೋಟೆಲ್ ಬುಕಿಂಗ್, ರೈಲು ಟಿಕೆಟ್ ಎಲ್ಲ ಮಗಳ ಕೈಲೇ ಮಾಡಿಸಿ. ಅವಳ ಹತ್ತಿರ ಅಲ್ಲಿನ ಮೀರ್ ಕಾರ್ಡ್ ಇದ್ದರೆ ಅದರಲ್ಲೇ ಕಟ್ಟಬಹುದು. ಇಲ್ಲಿಂದ ನಾವು ಕಾರ್ಡ್ ಹಾಕಿ ಕಟ್ಟುವುದು ತಲೆನೋವಿನ ಕೆಲಸ. ಹೋಟೆಲಿನಲ್ಲಿ ಉಳಿದರೆ ನಿಮ್ಮ ನೋಂದಣಿ ಅವರೇ ಮಾಡುತ್ತಾರೆ. ಯಾರದ್ದಾದರೂ ಮನೆಯಲ್ಲಿ ಉಳಿದರೆ ಮನೆಯವರು ಮಾಡಿಸಬೇಕು. ಗಡಿಯಲ್ಲಿ ಕೊಡುವ ವಲಸೆ ಚೀಟಿ ಸಣ್ಣ ಕಾಗದ, ಆದರೆ ಕಳೆದುಕೊಂಡರೆ ವಾಪಸ್ ಬರುವಾಗ ಗೋಳು. ಪಾಸ್‌ಪೋರ್ಟಿನೊಳಗೇ ಇರಲಿ.

ದಾರಿ ಎರಡು. ದೆಹಲಿಯಿಂದ ಮಾಸ್ಕೋಗೆ ನೇರ ವಿಮಾನ, ಅಲ್ಲಿಂದ ರಾತ್ರಿ ರೈಲು. ಮಾಸ್ಕೋದ ಕಜಾನ್‌ಸ್ಕಿ ನಿಲ್ದಾಣದಲ್ಲಿ ಹತ್ತಿದರೆ ಸುಮಾರು 800 ಕಿಲೋಮೀಟರ್, ಹನ್ನೆರಡು ಗಂಟೆಯೊಳಗೆ ಕಜಾನ್. ನಾಲ್ಕು ಜನರ ಬಾಗಿಲಿರುವ ಕೋಣೆಗೆ 'ಕೂಪೆ' ಅಂತಾರೆ, ಅದನ್ನೇ ಹೇಳಿ. ಇಲ್ಲದಿದ್ದರೆ ದುಬೈ ಅಥವಾ ಇಸ್ತಾಂಬುಲ್ ಮೇಲೆ ಹಾದು ನೇರ ಕಜಾನ್‌ಗೇ ಇಳಿಯಬಹುದು. ನಿಮಗೆ ಕಣ್ಣೂರು ವಿಮಾನ ನಿಲ್ದಾಣ ಬೆಂಗಳೂರಿಗಿಂತ ಹತ್ತಿರ, ಅಲ್ಲಿಂದ ಕೊಲ್ಲಿ ಕಡೆಗೆ ವಿಮಾನಗಳಿವೆ. ಆದರೆ ಮಳೆಗಾಲದಲ್ಲಿ ಮಾಕುಟ್ಟ ಘಾಟ್ ಯಾವಾಗ ಕೈಕೊಡುತ್ತದೆ ಅಂತ ಹೇಳಲಾಗದು. ಅಂಥ ದಿನಗಳಲ್ಲಿ ಹಿಂದಿನ ದಿನವೇ ಇಳಿದು ಹೋಗಿ ಮಲಗಿ.

ಮಗಳಿಗೆ ಪಂದಿಕರಿ ಉಪ್ಪಿನಕಾಯಿ ಒಯ್ಯಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಮಾಂಸದ ಐಟಂ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ ಹೋಗುತ್ತದೆ, ನಿಮಗೆ ಹೊಟ್ಟೆ ಉರಿಯುತ್ತದೆ. ಕಾಫಿ ಪುಡಿ, ಮಸಾಲೆ ಪುಡಿ ಕಂಪನಿ ಪ್ಯಾಕೆಟ್ಟಿನಲ್ಲೇ ಇರಲಿ. ಯಜಮಾನರ ಬಿಪಿ, ಶುಗರ್ ಮಾತ್ರೆಗಳಿಗೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಇನ್ನೊಂದು ಮಾತು: ಜೂನ್‌ನಲ್ಲಿ ಅವಳಿಗೆ ಪರೀಕ್ಷೆ ಇರುವ ಸಾಧ್ಯತೆ ಜಾಸ್ತಿ. ಅದನ್ನು ಕೇಳಿಕೊಂಡೇ ಟಿಕೆಟ್ ಮಾಡಿ, ಇಲ್ಲವಾದರೆ ಅಪ್ಪ ಅಮ್ಮ ಬಂದ ಸಂಭ್ರಮದಲ್ಲಿ ಓದು ಹಳ್ಳ ಹಿಡಿಯುತ್ತದೆ.

ಪ್ರಶ್ನೆ: ಯುದ್ಧ ನಡೆಯುತ್ತಿರುವ ದೇಶಕ್ಕೆ ಹೋಗಿ ಅಂತ ನೀವು ಹೇಗೆ ಬರೆಯುತ್ತೀರಿ? (ವಿರಾಜಪೇಟೆ)

ಹೋಗಿ ಅಂತ ನಾನು ಯಾರನ್ನೂ ದೂಡುತ್ತಿಲ್ಲ. ಹೊರಟವರಿಗೆ ದಾರಿ ಹೇಳುತ್ತಿದ್ದೇನೆ, ಅಷ್ಟೇ. ಆದರೆ ಪ್ರಶ್ನೆ ಸರಿಯಾದದ್ದೇ. ಕಜಾನ್ ಉಕ್ರೇನ್ ಗಡಿಯಿಂದ ಬಹಳ ದೂರ, ಆದರೂ 2024ರ ಡಿಸೆಂಬರ್ 21ರಂದು ಡ್ರೋನ್‌ಗಳು ಬಂದು ಅಲ್ಲಿನ ಎತ್ತರದ ವಸತಿ ಕಟ್ಟಡಗಳಿಗೆ ಬಡಿದವು, ವಿಮಾನ ನಿಲ್ದಾಣ ಕೆಲಹೊತ್ತು ಮುಚ್ಚಿತ್ತು. ಈಗಲೂ ಡ್ರೋನ್ ಭಯಕ್ಕೆ ವಿಮಾನಗಳು ನಿಲ್ಲುವುದು, ಮೊಬೈಲ್ ಇಂಟರ್‌ನೆಟ್ ಕಡಿತ ಆಗುವುದು ರಷ್ಯಾದಲ್ಲಿ ಹೊಸದಲ್ಲ. ಹಾಗಾಗಿ ಮುಂದಿನ ವಿಮಾನಕ್ಕೆ ಎರಡೇ ಗಂಟೆ ಬಿಡುವು ಇಟ್ಟುಕೊಂಡು ಟಿಕೆಟ್ ಮಾಡಬೇಡಿ. ಊರಿನ ನಕ್ಷೆ ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ 2022ರಿಂದಲೇ ಬಂದ್, ವಾಟ್ಸಾಪ್ ಕರೆಗೂ 2025ರ ಆಗಸ್ಟ್‌ನಲ್ಲಿ ತಡೆ ಬಿದ್ದಿದೆ. ಮನೆಗೆ ದಿನಾ ಫೋನ್ ಮಾಡುತ್ತೇನೆ ಅಂತ ಮಾತು ಕೊಟ್ಟು ಹೋಗಬೇಡಿ, ಇಲ್ಲಿ ಮನೆಯವರು ಸುಮ್ನೆ ಗಾಬರಿಯಾಗುತ್ತಾರೆ.

ಸೈನಿಕರ, ಕಾರ್ಖಾನೆಗಳ ಫೋಟೋ ತೆಗೆಯಬೇಡಿ. ಯುದ್ಧದ ಬಗ್ಗೆ ಬೀದಿಯಲ್ಲಿ ನಿಂತು ಚರ್ಚೆ ಬೇಡ. ಏಜೆಂಟರು ಯಾರಾದರೂ ರಷ್ಯಾದಲ್ಲಿ ಒಳ್ಳೆ ಸಂಬಳದ ಸಹಾಯಕನ ಕೆಲಸ ಇದೆ ಅಂದರೆ ಆ ಕಡೆ ತಲೆ ಹಾಕಿಯೂ ಮಲಗಬೇಡಿ. ಹಾಗೆ ಹೋದ ನಮ್ಮ ದೇಶದ ಹುಡುಗರನ್ನು ಸೇನೆಗೆ ಸೇರಿಸಿದ ಸುದ್ದಿ 2024ರಲ್ಲಿ ದೊಡ್ಡದಾಗಿ ಬಂತಲ್ಲ. ಒಂದು ಸಮಾಧಾನದ ವಿಷಯ, 2025ರ ನವೆಂಬರ್‌ನಲ್ಲಿ ಕಜಾನ್‌ನಲ್ಲೇ ಭಾರತದ ಕಾನ್ಸುಲೇಟ್ ಶುರುವಾಗಿದೆ. ಮೊದಲು ಎಲ್ಲದಕ್ಕೂ ಮಾಸ್ಕೋಗೆ ಓಡಬೇಕಿತ್ತು. ಕಾನ್ಸುಲೇಟಿನ ನಂಬರ್ ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಇಷ್ಟು ಕೇಳಿ ಮನಸ್ಸು ಒಪ್ಪದಿದ್ದರೆ ಹೋಗಬೇಡಿ. ಊರು ಎಲ್ಲೂ ಓಡಿಹೋಗುವುದಿಲ್ಲ.

ಪ್ರಶ್ನೆ: ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ನೋಡಲು ಹೋಗುತ್ತಿದ್ದೇವೆ. ಅದರ ಜೊತೆ ಕಜಾನ್‌ಗೂ ಹೋಗುವಷ್ಟು ಅಲ್ಲಿ ಏನಿದೆ? ಫೋಟೋದಲ್ಲಿ ನೋಡಿದರೆ ಒಂದು ನೀಲಿ ಮಸೀದಿ, ಒಂದು ಚರ್ಚು, ಅಷ್ಟೇ ಕಾಣುತ್ತದೆ. (ಕಾಫಿ ಬೆಳೆಗಾರರು, ಪೊನ್ನಂಪೇಟೆ)

ಪ್ಯಾಕೇಜ್ ಟೂರಿನವರು ತೋರಿಸುವುದು ಆ ಎರಡನ್ನೇ, ಅದಕ್ಕೆ ಫೋಟೋಗಳೂ ಹಾಗೇ ಇರುತ್ತವೆ. ಮೂರು ದಿನ ಇಟ್ಟುಕೊಳ್ಳಿ ಸರ್. ಒಂದೇ ದಿನ ಅಂದರೆ ಬೇಡವೇ ಬೇಡ.

ಮೊದಲನೇ ದಿನ ಬೆಳಿಗ್ಗೆ ಕ್ರೆಮ್ಲಿನ್, ಅಂದರೆ ಬಿಳಿ ಗೋಡೆಯ ಹಳೆ ಕೋಟೆ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಬಾಗಿಲಲ್ಲೇ ಮೂಸಾ ಜಲೀಲ್ ಎಂಬ ತಾತಾರ್ ಕವಿಯ ಪ್ರತಿಮೆ ಇದೆ, ಮುಳ್ಳುತಂತಿ ಸುತ್ತಿಕೊಂಡ ದೇಹ ಅದರಿಂದ ಬಿಡಿಸಿಕೊಂಡು ಮುಂದಕ್ಕೆ ಬಾಗಿದ ಹಾಗೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಸೆರೆಸಿಕ್ಕವನು, 1944ರಲ್ಲಿ ಬರ್ಲಿನ್‌ನಲ್ಲಿ ಅವನ ತಲೆ ತೆಗೆದರು. ಸೆರೆಮನೆಯಲ್ಲಿ ಬರೆದ ಕವಿತೆಗಳು ಮಾತ್ರ ಊರು ಸೇರಿದವು. ಒಳಗೆ ಹೋದರೆ ಕುಲ್ ಷರೀಫ್ ಮಸೀದಿ, ಹತ್ತಿರದಲ್ಲೇ 1562ರ ಅನನ್ಸಿಯೇಷನ್ ಕೆಥೆಡ್ರಲ್. ಆಚೆ ಬದಿ ವಾಲಿಕೊಂಡು ನಿಂತ ಕೆಂಪು ಇಟ್ಟಿಗೆಯ ಸುಯುಂಬಿಕೆ ಗೋಪುರ. ಸುಮಾರು 58 ಮೀಟರ್ ಎತ್ತರ, ತುದಿ ಹತ್ತಿರ ಹತ್ತಿರ ಎರಡು ಮೀಟರ್ ಆಚೆಗೆ ಸರಿದಿದೆ. ಗೈಡ್ ಒಂದು ಕತೆ ಹೇಳಿಯೇ ಹೇಳುತ್ತಾನೆ: ಕಜಾನ್ ರಾಣಿ ಸುಯುಂಬಿಕೆಯನ್ನು ಮದುವೆಯಾಗಲು ರಷ್ಯಾದ ಇವಾನ್ ದೊರೆ ಬಂದ, ಏಳು ದಿನದಲ್ಲಿ ಏಳಂತಸ್ತಿನ ಗೋಪುರ ಕಟ್ಟಿಸು ಅಂದಳು, ಕಟ್ಟಿದ ಮೇಲೆ ತುದಿಯಿಂದ ಹಾರಿದಳು ಅಂತ. ಕೇಳಲು ಚೆನ್ನಾಗಿದೆ. ಆದರೆ ಕಜಾನ್ 1552ರಲ್ಲಿ ಇವಾನ್ ಕೈಗೆ ಬೀಳುವ ಮೊದಲೇ, 1551ರಲ್ಲೇ, ಅವಳನ್ನೂ ಅವಳ ಪುಟ್ಟ ಮಗನನ್ನೂ ಮಾಸ್ಕೋಗೆ ಒಯ್ದಿದ್ದರು. ಗೋಪುರ ಅವಳ ಕಾಲದ್ದಲ್ಲ, ಆಮೇಲಿನದು ಅಂತ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಇದಕ್ಕೆಲ್ಲ ಅರ್ಧ ದಿನ ಸಾಕು.

ಮಧ್ಯಾಹ್ನ ಬೌಮನ್ ಬೀದಿ. ವಾಹನ ಬಿಡದ ಉದ್ದ ಬೀದಿ, ಸಂಜೆಗೆ ಊರೇ ಅಲ್ಲಿರುತ್ತದೆ. ಅಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದ ದಢೂತಿ ಬೆಕ್ಕಿನ ಪ್ರತಿಮೆ ಕಾಣುತ್ತದೆ. 1745ರಲ್ಲಿ ರಷ್ಯಾದ ರಾಣಿ ಎಲಿಜವೇಟಾ ತನ್ನ ಅರಮನೆಯ ಇಲಿ ಕಾಟಕ್ಕೆ ಕಜಾನ್‌ನಿಂದಲೇ ಬೆಕ್ಕು ತರಿಸಿ ಅಂತ ಆಜ್ಞೆ ಹೊರಡಿಸಿದ್ದಳು, ಅದರ ನೆನಪಿಗೆ. ಬೀದಿಯಿಂದ ಸ್ವಲ್ಪ ಮೇಲೆ ಏರಿದರೆ 1804ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಟಾಲ್‌ಸ್ಟಾಯ್ ಇಲ್ಲಿ ಓದಿ ಮುಗಿಸದೆ ಬಿಟ್ಟ, ಲೆನಿನ್‌ನನ್ನು 1887ರಲ್ಲಿ ಗಲಾಟೆ ಮಾಡಿದ್ದಕ್ಕೆ ಹೊರಗೆ ಹಾಕಿದರು. ಗಣಿತದ ಲೊಬಚೆವ್‌ಸ್ಕಿ ಇಲ್ಲಿ ಸುಮಾರು ಎರಡು ದಶಕ ಕುಲಪತಿಯಾಗಿದ್ದ. ಓದು ಬಿಟ್ಟವರೇ ಜಾಸ್ತಿ ಹೆಸರು ಮಾಡಿದ ಹಾಗಿದೆ, ನಿಮ್ಮ ಮಕ್ಕಳಿಗೆ ಹೇಳಬೇಡಿ.

ಎರಡನೇ ದಿನ ಪೂರ್ತಿ ಹಳೆ ತಾತಾರ್ ಬಡಾವಣೆಗೆ ಕೊಡಿ. ಕಬಾನ್ ಕೆರೆ ಬದಿಯಲ್ಲಿದೆ. ನನ್ನ ಮಟ್ಟಿಗೆ ಕಜಾನ್ ಅಂದರೆ ಇದು, ಕೋಟೆ ಅಲ್ಲ. ಹಸಿರು, ನೀಲಿ, ಹಳದಿ ಬಣ್ಣ ಬಳಿದ ಮರದ ಮನೆಗಳು, ಕಿಟಕಿ ಚೌಕಟ್ಟಿನ ಸುತ್ತ ಕೆತ್ತನೆ. ಬೀದಿಗೆ ಮುಖ ತೋರಿಸದೆ ಅಂಗಳದ ಕಡೆಗೆ ಬಾಗಿಲು ಮಾಡಿದ ಮನೆಗಳೂ ಇವೆ. ನಡುನಡುವೆ ತೆಳ್ಳಗಿನ ಒಂಟಿ ಮಿನಾರಿನ ಮಸೀದಿಗಳು, ಮಿನಾರು ಛಾವಣಿಯ ನಡುವಿನಿಂದಲೇ ಎದ್ದಿರುತ್ತದೆ. ಚಕ್‌ಚಕ್ ಎಂಬ ಸಿಹಿಯದ್ದೇ ಒಂದು ಮ್ಯೂಸಿಯಂ ಇದೆ. ಅಲ್ಲಿ ಸಮೋವರ್ ಮುಂದೆ ಕೂರಿಸಿ ಚಹಾ ಕೊಟ್ಟು ಕತೆ ಹೇಳುತ್ತಾರೆ, ಆ ಒಂದು ಗಂಟೆ ನಿಮಗೆ ಕೋಟೆಗಿಂತ ಚೆನ್ನಾಗಿ ನೆನಪಿರುತ್ತದೆ.

ಮೂರನೇ ದಿನ ಸ್ವಿಯಾಝ್‌ಸ್ಕ್. 1551ರಲ್ಲಿ ಕಜಾನ್ ಮೇಲೆ ದಾಳಿಗೆ ನೆಲೆ ಬೇಕು ಅಂತ ಇವಾನ್ ದೊರೆ ಈ ಮರದ ಕೋಟೆಯನ್ನು ಎಲ್ಲೋ ಮೇಲಿನ ಉಗ್ಲಿಚ್‌ನಲ್ಲಿ ಮಾಡಿಸಿ, ಬಿಡಿಬಿಡಿಯಾಗಿ ಬಿಚ್ಚಿ, ತುಂಡುಗಳನ್ನು ವೋಲ್ಗಾದಲ್ಲಿ ತೇಲಿಬಿಟ್ಟು ಇಲ್ಲಿ ಜೋಡಿಸಿದ. ಕೆಲಸ ಸುಮಾರು ನಾಲ್ಕು ವಾರದಲ್ಲಿ ಮುಗಿದಿತ್ತಂತೆ. 1950ರ ದಶಕದಲ್ಲಿ ಅಣೆಕಟ್ಟಿನ ನೀರು ನಿಂತ ಮೇಲೆ ಗುಡ್ಡ ದ್ವೀಪವಾಯಿತು. ಈಗ ರಸ್ತೆ ಇದೆ. ಬೇಸಿಗೆಯಲ್ಲಿ ದೋಣಿಯಲ್ಲೇ ಹೋಗಿ. ಇನ್ನೊಂದು ದಿನ ಉಳಿದರೆ ಬೊಲ್ಗಾರ್ ನೋಡಬಹುದು, 922ರಲ್ಲಿ ಇಸ್ಲಾಂ ಒಪ್ಪಿಕೊಂಡ ವೋಲ್ಗಾ ಬಲ್ಗಾರರ ಹಳೆ ಪಟ್ಟಣ, ಆದರೆ ದೂರ. 'ಎಲ್ಲ ಧರ್ಮಗಳ ಮಂದಿರ' ಅಂತ ಬಣ್ಣಬಣ್ಣದ ಕಟ್ಟಡವೊಂದನ್ನೂ ಎಲ್ಲರೂ ಹೇಳುತ್ತಾರೆ. ಇಲ್ದಾರ್ ಖಾನೊವ್ ಎಂಬ ಕಲಾವಿದ 1992ರಲ್ಲಿ ಕಟ್ಟಲು ಶುರುಮಾಡಿದ್ದು, ಒಳಗೆ ಪೂಜೆ, ನಮಾಜು ಏನೂ ನಡೆಯುವುದಿಲ್ಲ. ಹೊರಗಿಂದ ಫೋಟೋಗೆ ಸರಿ.

ಪ್ರಶ್ನೆ: ನಮ್ಮ ಮಡಿಕೇರಿ ಕೋಟೆಯೊಳಗೂ ಅರಮನೆ, ಗಣಪತಿ ಗುಡಿ, ಇಂಗ್ಲಿಷರ ಕಾಲದ ಚರ್ಚು ಎಲ್ಲ ಇವೆ. ಹಾಗಂತ ಎಲ್ಲ ಸೌಹಾರ್ದದಿಂದಲೇ ಬಂದವು ಅಂತ ಹೇಳಲಾಗದು. ಕಜಾನ್ ಕುರಿತು ಎಲ್ಲರೂ ಬರೆಯುವ 'ಭಾವೈಕ್ಯ' ನಿಜವೇ? (ನಿವೃತ್ತ ಇತಿಹಾಸ ಮೇಷ್ಟ್ರು, ಮಡಿಕೇರಿ)

ಮೇಷ್ಟ್ರೇ, ನೀವು ಗುರುತಿಸಿದ್ದು ಸರಿ. ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳುತ್ತೇನೆ. ಇವತ್ತು ಅಲ್ಲಿ ತಾತಾರರು, ರಷ್ಯನ್ನರು ಎರಡು ಸಮುದಾಯ ಒಟ್ಟಿಗೆ ಬದುಕುತ್ತಿರುವುದು ನಿಜ. ಅದು ಪ್ರೀತಿಯಿಂದ ಶುರುವಾಯಿತು ಅನ್ನುವುದು ಮಾತ್ರ ಸುಳ್ಳು.

1552ರಲ್ಲಿ ಇವಾನ್ ಕಜಾನ್ ಗೆದ್ದಾಗ ದೊಡ್ಡ ಮಾರಣಹೋಮ ನಡೆಯಿತು. ಮಾಸ್ಕೋದ ಕೆಂಪು ಚೌಕದಲ್ಲಿ ಬಣ್ಣದ ಗುಮ್ಮಟಗಳ ಸೇಂಟ್ ಬೇಸಿಲ್ ಚರ್ಚಿನ ಮುಂದೆ ನಿಂತು ಎಲ್ಲರೂ ಸೆಲ್ಫಿ ತೆಗೆಯುತ್ತಾರಲ್ಲ, ಅದನ್ನು ಕಟ್ಟಿಸಿದ್ದೇ ಈ ಗೆಲುವಿನ ನೆನಪಿಗೆ. ತಾತಾರರನ್ನು ಕೋಟೆಯಿಂದ ಹೊರಗೆ ಹಾಕಿದರು. ಅವರು ಹೋಗಿ ನೆಲೆಸಿದ ಜಾಗವೇ ಮೇಲೆ ಹೇಳಿದ ಹಳೆ ತಾತಾರ್ ಬಡಾವಣೆ. 1740ರ ದಶಕದಲ್ಲಿ ಕಜಾನ್ ಸೀಮೆಯಲ್ಲಿ 400ಕ್ಕೂ ಹೆಚ್ಚು ಮಸೀದಿ ಕೆಡವಿದರು. ಆಮೇಲೆ ಗಾಳಿ ತಿರುಗಿತು. ರಾಣಿ ಕ್ಯಾಥರೀನ್ 1767ರಲ್ಲಿ ಕಜಾನ್‌ಗೆ ಬಂದಳು. ಆಗ ಏಳುತ್ತಿದ್ದ ಮಾರ್ಜಾನಿ ಮಸೀದಿಯ ಮಿನಾರು ಎತ್ತರ ಜಾಸ್ತಿಯಾಯಿತು ಅಂತ ಯಾರೋ ದೂರು ಕೊಟ್ಟರಂತೆ. ನೆಲ ನನ್ನದು, ಆಕಾಶ ನನ್ನದಲ್ಲ ಅಂದಳಂತೆ. ಅಂದಳೋ ಬಿಟ್ಟಳೋ, 1552ರ ನಂತರ ಕಲ್ಲಿನಲ್ಲಿ ಕಟ್ಟಿದ ಮೊದಲ ಮಸೀದಿ ಅದು, 1770ರಲ್ಲಿ ಮುಗಿಯಿತು. ಅವಳಿಗೆ ಬರೀ ಕರುಣೆ ಉಕ್ಕಿತು ಅಂತ ನಾನು ನಂಬುವುದಿಲ್ಲ. ಮಧ್ಯ ಏಷ್ಯಾದ ವ್ಯಾಪಾರಕ್ಕೆ ತಾತಾರ್ ವರ್ತಕರು ಬೇಕಿತ್ತು.

ಸೋವಿಯತ್ ಕಾಲ ಬಂದಾಗ ಇಬ್ಬರಿಗೂ ಸಮಾನ ಪೆಟ್ಟು ಬಿತ್ತು. ಮಸೀದಿಗಳು ಮುಚ್ಚಿದವು, ಬಹುಕಾಲ ನಮಾಜು ನಡೆದದ್ದು ಹೆಚ್ಚೂಕಡಿಮೆ ಮಾರ್ಜಾನಿ ಒಂದರಲ್ಲೇ. 1579ರಲ್ಲಿ ಪ್ರಸಿದ್ಧ 'ಕಜಾನ್ ಮಾತೆ' ಎಂಬ ಮೇರಿಯ ಪೂಜಾಚಿತ್ರ ಸಿಕ್ಕಿದ ಜಾಗದ ದೊಡ್ಡ ಚರ್ಚನ್ನು 1932ರಲ್ಲಿ ಸ್ಫೋಟಿಸಿದರು. ಮಸೀದಿ, ಚರ್ಚು ಎರಡೂ ಮತ್ತೆ ಎದ್ದದ್ದು ಈಚೆಗೆ. ಕುಲ್ ಷರೀಫ್ 2005ರಲ್ಲಿ ತೆರೆಯಿತು, ಆ ಚರ್ಚು 2021ರಲ್ಲಿ. ಅಂದರೆ ಟೂರಿಸ್ಟುಗಳು 'ಶತಮಾನಗಳಿಂದ ಅಕ್ಕಪಕ್ಕ' ಅಂತ ಬರೆಯುವ ಕೋಟೆಯ ಮಸೀದಿಗೆ ಇನ್ನೂ ಸರಿಯಾಗಿ ಪ್ರಾಯವೇ ಆಗಿಲ್ಲ. ಕೋಟೆ ಉಳಿಸಲು ಹೋರಾಡಿ 1552ರಲ್ಲಿ ಸತ್ತ ಇಮಾಮನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ನೀವು ಹೋದರೆ ಕೋಟೆ ಗೋಡೆಯಿಂದ ಕಜಾಂಕಾ ನದಿ ಕಡೆ ನೋಡಿ. ನೀರಿನ ನಡುವೆ ಪಿರಮಿಡ್ ಆಕಾರದ ಒಂದು ಸ್ಮಾರಕ ಕಾಣುತ್ತದೆ, ಅದು ಅದೇ 1552ರಲ್ಲಿ ಸತ್ತ ರಷ್ಯನ್ ಸೈನಿಕರದ್ದು. ಬೆನ್ನ ಹಿಂದೆ ತಾತಾರ್ ಇಮಾಮನ ಹೆಸರಿನ ಮಸೀದಿ, ಕಣ್ಣೆದುರು ಅವನನ್ನು ಕೊಂದ ಸೈನ್ಯದ ಸ್ಮಾರಕ. ಎರಡನ್ನೂ ಕೆಡವದೆ ಇಟ್ಟುಕೊಂಡು ಬದುಕುತ್ತಿದ್ದಾರೆ. ಇವತ್ತು ಊರಲ್ಲಿ ತಾತಾರರು, ರಷ್ಯನ್ನರು ಹೆಚ್ಚುಕಡಿಮೆ ಅರ್ಧರ್ಧ. ಇಬ್ಬರ ನಡುವೆ ಮದುವೆಗಳು ಸಾಮಾನ್ಯ, ಬಕ್ರೀದ್‌ಗೂ ತಾತಾರ್‌ಸ್ತಾನದಲ್ಲಿ ರಜೆ, ಜನವರಿ 7ರ ಕ್ರಿಸ್‌ಮಸ್‌ಗೂ ರಜೆ. ಚುವಾಶ್, ಮಾರಿ, ಉದ್ಮುರ್ತ್ ಜನ ಇದ್ದಾರೆ, ಕ್ರ್ಯಾಶೆನ್ ಅಂತ ಕ್ರೈಸ್ತ ತಾತಾರರೂ ಇದ್ದಾರೆ. ಭಾವೈಕ್ಯ ಅನ್ನುವುದಕ್ಕಿಂತ ದಿನಾ ಸುಧಾರಿಸಿಕೊಂಡು ಹೋಗುವುದು ಅನ್ನಿ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ಪ್ರಶ್ನೆ: ನಾವು ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವರು, ಮಕ್ಕಳು ಈಗ ಇಂಗ್ಲಿಷಿಗೆ ಜಾರುತ್ತಿದ್ದಾರೆ. ತಾತಾರರ ಭಾಷೆ ಉಳಿದಿದೆಯೇ? (ಬಾಳೆಲೆ)

ಉಳಿದಿದೆ, ಆದರೆ ನಿಮ್ಮದೇ ಚಿಂತೆ ಅವರಿಗೂ ಇದೆ. ತಾತಾರ್ ಭಾಷೆ ಟರ್ಕಿ ಭಾಷೆಯ ಬಳಗದ್ದು, ರಷ್ಯನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ತಾತಾರ್‌ಸ್ತಾನದಲ್ಲಿ ರಷ್ಯನ್ ಜೊತೆ ಅದೂ ರಾಜ್ಯಭಾಷೆ. ಬೀದಿ ಫಲಕಗಳಲ್ಲಿ ಎರಡೂ ಇರುತ್ತವೆ, ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ತಾತಾರ್, ರಷ್ಯನ್, ಇಂಗ್ಲಿಷ್ ಮೂರರಲ್ಲೂ ಕೂಗುತ್ತಾರೆ. ಲಿಪಿಯ ಪಾಡು ಮಾತ್ರ ಕೇಳಬೇಡಿ. ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದವರನ್ನು 1920ರ ದಶಕದ ಕೊನೆಗೆ ಲ್ಯಾಟಿನ್‌ಗೆ ತಿರುಗಿಸಿದರು, 1939ರಲ್ಲಿ ಮತ್ತೆ ರಷ್ಯನ್ನರ ಸಿರಿಲಿಕ್‌ಗೆ. ಅಜ್ಜ ಬರೆದ ಕಾಗದವನ್ನು ಮೊಮ್ಮಗ ಓದಲಾರ.

ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ತಾತಾರ್ ಕಡ್ಡಾಯ ಇತ್ತು, 2017ರಲ್ಲಿ ಅದು ಹೋಗಿ ಬೇಕಾದವರು ಕಲಿಯಿರಿ ಅಂತಾಯಿತು. ಐಚ್ಛಿಕ ಅಂದ ಮೇಲೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಳ್ಳಿ ಕಡೆ ಭಾಷೆ ಗಟ್ಟಿಯಾಗಿದೆ, ಕಜಾನ್ ಪೇಟೆಯಲ್ಲಿ ಹುಡುಗರು ತಮ್ಮತಮ್ಮಲ್ಲೇ ರಷ್ಯನ್ ಆಡುವುದು ಜಾಸ್ತಿ. ಇತ್ತ ಹಾಡು, ನಾಟಕ, ಟಿವಿ ಎಲ್ಲ ತಾತಾರ್‌ನಲ್ಲಿ ನಡೆಯುತ್ತಲೇ ಇವೆ. ಕವಿ ಗಬ್ದುಲ್ಲಾ ತುಕಾಯ್ ಹುಟ್ಟಿದ ಏಪ್ರಿಲ್ 26ನ್ನು ಭಾಷೆಯ ದಿನ ಅಂತ ಆಚರಿಸುತ್ತಾರೆ. ಇಪ್ಪತ್ತಾರಕ್ಕೇ ತೀರಿಹೋದವನು ಆತ. ನೀವು ಹೋದಾಗ ಅಂಗಡಿಯ ಅಜ್ಜಿಗೆ ಥ್ಯಾಂಕ್ಸ್ ಹೇಳಲು ರಷ್ಯನ್ನಿನ ಸ್ಪಸೀಬ ಅನ್ನುವ ಬದಲು ತಾತಾರಿನ 'ರಹ್ಮತ್' ಅಂದು ನೋಡಿ, ಆಕೆಯ ಮುಖ ಅರಳುತ್ತದೆ. ಮಕ್ಕಳ ವಿಷಯಕ್ಕೆ ಬಂದರೆ, ಕೊಡವ ಸಾಹಿತ್ಯ ಅಕಾಡೆಮಿ ಮಾಡುವುದನ್ನು ಅಕಾಡೆಮಿ ಮಾಡಲಿ, ಊಟಕ್ಕೆ ಕೂತಾಗ ನೀವು ತಕ್ಕ್ ಬಿಡಬೇಡಿ.

ಪ್ರಶ್ನೆ: ಜುಮಾ ನಮಾಜಿಗೆ ಕೋಟೆ ಮಸೀದಿಗೆ ಹೋಗಬಹುದಾ? ಹಲಾಲ್ ಊಟ ಸಿಗುತ್ತದಾ? (ಎಮ್ಮೆಮಾಡು)

ಧಾರಾಳವಾಗಿ. ಕುಲ್ ಷರೀಫ್‌ನಲ್ಲಿ ನಮಾಜು ನಡೆಯುತ್ತದೆ, ಆದರೆ ಟೂರಿಸ್ಟುಗಳ ಗದ್ದಲ ಇರುತ್ತದೆ. ನಾನಾದರೆ ಮಾರ್ಜಾನಿಗೆ ಹೋಗಿ ಅನ್ನುತ್ತೇನೆ, ಊರಿನವರ ಮಸೀದಿ ಅದು. ಒಳಗಿನ ಗೋಡೆ, ಛಾವಣಿಯಲ್ಲಿ ಹಸಿರು, ಚಿನ್ನದ ಬಣ್ಣದ ಹೂಬಳ್ಳಿ ನೋಡಿದರೆ ರಷ್ಯನ್ ಅರಮನೆ ಕಟ್ಟಿದ ಕೈಗಳೇ ಇದನ್ನೂ ಕಟ್ಟಿವೆ ಅನ್ನಿಸುತ್ತದೆ. ತಾತಾರರು ಹನಫಿ ಪದ್ಧತಿಯವರು, ನಮ್ಮ ಕಡೆ ಶಾಫಿ ಪದ್ಧತಿಯವರು ಹೆಚ್ಚಲ್ವಾ, ನಮಾಜಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಮಸೀದಿಗಳ ಸುತ್ತಮುತ್ತ ಹಲಾಲ್ ಬೋರ್ಡಿನ ಹೋಟೆಲುಗಳು ಬೇಕಾದಷ್ಟಿವೆ. 19ನೇ ಶತಮಾನದಲ್ಲಿ ಕಜಾನ್‌ನಲ್ಲಿ ಅಚ್ಚಾದ ಕುರಾನ್ ಪ್ರತಿಗಳು ಏಷ್ಯಾದ ದೂರದೂರಕ್ಕೆ ಹೋಗುತ್ತಿದ್ದವು. ಕುಲ್ ಷರೀ‌ಫ್‌ನ ಕೆಳಗಿನ ಮಹಡಿಯ ಇಸ್ಲಾಂ ಮ್ಯೂಸಿಯಂ ಬಿಡಬೇಡಿ. ಬೇರೆ ಧರ್ಮದವರೂ ಒಳಗೆ ಹೋಗಿ ನೋಡಬಹುದು, ಹೆಂಗಸರು ತಲೆಗೆ ಶಾಲು ಹೊದೆಯಬೇಕು. ಚರ್ಚಿನಲ್ಲೂ ಹೆಂಗಸರಿಗೆ ಅದೇ ನಿಯಮ, ಗಂಡಸರು ಮಾತ್ರ ಟೋಪಿ ತೆಗೆಯಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳುತ್ತೇವಾ? (ಕುಶಾಲನಗರ)

ಉಪವಾಸ ಬೀಳುವುದಿಲ್ಲ, ಆದರೆ ಆಯ್ಕೆ ಕಡಿಮೆ. ತಾತಾರ್ ಅಡುಗೆ ಅಂದರೆ ಹಿಟ್ಟು ಮತ್ತು ಮಾಂಸ. ನಿಮ್ಮ ಪಾಲಿಗೆ ಇರುವುದು ಕಿಸ್ತಿಬಿ: ಕಾವಲಿಯಲ್ಲಿ ಬೇಯಿಸಿದ ತೆಳು ರೊಟ್ಟಿಯನ್ನು ಮಡಚಿ ನಡುವೆ ಹಾಲು ಹಾಕಿ ಕಲಸಿದ ಆಲೂಗಡ್ಡೆ, ಮೇಲೆ ಬೆಣ್ಣೆ ಸವರಿರುತ್ತಾರೆ. ಬಿಸಿಯಿರುವಾಗಲೇ ತಿನ್ನಿ, ಆರಿದರೆ ರಟ್ಟು. ಕಾಳಿನ ಹಾಗೆ ಕಾಣುವ 'ಗ್ರೇಚ್ಕ', ಅಂದರೆ ಬಕ್‌ವೀಟ್, ಬೇಯಿಸಿ ಕೊಡುತ್ತಾರೆ, ಮೊಸರಿನ ಜೊತೆ ಹೊಟ್ಟೆ ತುಂಬುತ್ತದೆ. ಸ್ವಸಹಾಯ ಕ್ಯಾಂಟೀನಿಗೆ 'ಸ್ತಲೋವಯ' ಅಂತಾರೆ, ಕಣ್ಣಲ್ಲಿ ನೋಡಿ ಆರಿಸಿಕೊಳ್ಳಬಹುದಾದ್ದರಿಂದ ನಿಮಗೆ ಅದೇ ಸರಿ. ಸೂಪ್ ತರಕಾರಿಯದ್ದೇ ಕಂಡರೂ ನೀರು ಮೂಳೆ ಬೇಯಿಸಿದ್ದು ಇರಬಹುದು, ಕೇಳಿ. ಮಾಂಸ ಇಲ್ಲ ಅಂದರೆ ಕೋಳಿ, ಮೀನು ನಡೆಯುತ್ತದೆ ಅಂದುಕೊಳ್ಳುತ್ತಾರೆ, ಮೂರನ್ನೂ ಬಿಡಿಸಿ ಹೇಳಿ. ಚಕ್‌ಚಕ್ ಮೊಟ್ಟೆ ಹಾಕಿದ ಹಿಟ್ಟಿನ ತುಣುಕುಗಳನ್ನು ಕರಿದು ಜೇನಿನಲ್ಲಿ ಅಂಟಿಸಿದ್ದು, ಮೊಟ್ಟೆ ಬೇಡದವರು ದೂರ ಇರಿ.

ಮಾಂಸ ತಿನ್ನುವವರಿಗೆ ಎಚ್ಪೊಚ್ಮಾಕ್. ಮೂರು ಮೂಲೆಯ ಕಡುಬು, ಒಳಗೆ ಹಸಿ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಒಲೆಯಲ್ಲಿ ಬೇಯಿಸುತ್ತಾರೆ. ನೆತ್ತಿ ಮೇಲೆ ಒಂದು ತೂತು, ಅದರಲ್ಲಿ ಸ್ವಲ್ಪ ಸಾರು ಹೊಯ್ಯುತ್ತಾರೆ. ಮೂಲೆ ಕಚ್ಚಿ ಸಾರು ಹೀರಿಕೊಂಡು ಆಮೇಲೆ ತಿನ್ನಬೇಕು, ಅವಸರ ಮಾಡಿದರೆ ಅಂಗಿ ಮೇಲೆ. ಮಾಂಸ ಸಾಮಾನ್ಯವಾಗಿ ದನದ್ದು ಅಥವಾ ಕುರಿಯದ್ದು, ಬೇಡದವರು ಮೊದಲೇ ವಿಚಾರಿಸಿ. ಕಜಿಲಿಕ್ ಅಂತ ಕಪ್ಪು ಸಾಸೇಜ್ ಕಂಡರೆ ಅದು ಕುದುರೆ. ನಮ್ಮ ಪಂದಿಪ್ರಿಯರಿಗೆ ಮಾತ್ರ ತಾತಾರ್ ಹೋಟೆಲಿನಲ್ಲಿ ಏನೂ ಗಿಟ್ಟದು, ರಷ್ಯನ್ ಹೋಟೆಲಿಗೆ ಹೋಗಿ. ಚಹಾಕ್ಕೆ ಹಾಲು ಹಾಕಿ ಕುಡಿಯುವ ಅಭ್ಯಾಸ ತಾತಾರರಿಗಿದೆ, ಅಷ್ಟರ ಮಟ್ಟಿಗೆ ಮನೆಯ ನೆನಪು ಕಾಡುವುದಿಲ್ಲ. ಕಾಫಿ ಬಗ್ಗೆ ಕೇಳಬೇಡಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಹಿಮ ನೋಡಬೇಕು ಅಂತ ಆಸೆ. (ಸೋಮವಾರಪೇಟೆ)

ಹಿಮ ಬೇಕಾದರೆ ಡಿಸೆಂಬರ್‌ನಿಂದ ಮಾರ್ಚ್. ಜನವರಿಯಲ್ಲಿ ಸರಾಸರಿಯೇ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಕೆಲವು ದಿನ ಇಪ್ಪತ್ತೈದಕ್ಕೂ ಇಳಿಯುತ್ತದೆ. ವೋಲ್ಗಾ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನ ಮೂರು ದಾಟುತ್ತಲೇ ಕತ್ತಲು. ಪುಷ್ಪಗಿರಿ ಚಳಿ ತಡೆದವನು ನಾನು ಅಂತ ಒಂದು ಸ್ವೆಟರ್ ಹಾಕಿ ಹೋಗಬೇಡಿ. ಬೂಟು ಅಲ್ಲೇ ಹೋಗಿ ಕೊಳ್ಳಿ, ನಮ್ಮ ಶೂ ಮಂಜುಗಡ್ಡೆಯಲ್ಲಿ ಜಾರುತ್ತದೆ.

ನನ್ನನ್ನು ಕೇಳಿದರೆ ಜೂನ್. ಬಿತ್ತನೆ ಮುಗಿದ ಖುಷಿಗೆ ಸಬಾಂತುಯ್ ಹಬ್ಬ ಮಾಡುವುದು ಆಗಲೇ. ಸೊಂಟಕ್ಕೆ ಪಟ್ಟಿ ಸುತ್ತಿ ಕುಸ್ತಿ, ಗೆದ್ದವನ ಹೆಗಲಿಗೆ ಜೀವಂತ ಟಗರು. ನುಣ್ಣಗಿನ ಕಂಬ ಹತ್ತುವುದು, ದಿಮ್ಮಿ ಮೇಲೆ ಕೂತು ಹುಲ್ಲು ತುಂಬಿದ ಚೀಲದಲ್ಲಿ ಬಡಿದಾಡಿ ಬೀಳಿಸುವುದು, ಕುದುರೆ ಓಟ. ನಾಟಿ ಮುಗಿಸಿ ಕೈಲ್‌ಪೊಳ್ದ್ ಹಬ್ಬದಲ್ಲಿ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳ್ಳಿಗಳಲ್ಲಿ ಬೇರೆ ದಿನ, ಕಜಾನ್‌ನಲ್ಲಿ ಬೇರೆ ದಿನ ನಡೆಯುತ್ತದೆ, ತಾರೀಕು ಪ್ರತಿವರ್ಷ ಬದಲಾಗುತ್ತದೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಆಗ ಬೆಳಗಿನ ಮೂರಕ್ಕೇ ಬೆಳಕಾಗುತ್ತದೆ, ದಪ್ಪ ಪರದೆ ಇರುವ ಕೋಣೆ ಕೇಳಿ.

ಪ್ರಶ್ನೆ: ಅಲ್ಲಿ ಹಾಕಿ ಇದೆಯಾ? (ಗೋಣಿಕೊಪ್ಪ)

ಗೋಣಿಕೊಪ್ಪದಿಂದ ಈ ಪ್ರಶ್ನೆ ಬರದಿದ್ದರೆ ಆಶ್ಚರ್ಯವಾಗುತ್ತಿತ್ತು. ಹಾಕಿ ಅಂದರೆ ಅವರಿಗೆ ಮಂಜಿನ ಮೇಲಿನದು, ಅಕ್ ಬಾರ್ಸ್ ತಂಡಕ್ಕೆ ಊರೇ ಹುಚ್ಚು. ಆದರೆ ನಮ್ಮ ಥರದ ಮೈದಾನದ ಹಾಕಿಯೂ ಇದೆ. ದಿನಾಮೊ ಕಜಾನ್ ಅಂತ ತಂಡ, ಯೂರೋ ಹಾಕಿ ಲೀಗ್‌ನಲ್ಲೂ ಆಡಿದೆ. ಫುಟ್‌ಬಾಲ್ ಇಷ್ಟ ಇದ್ದರೆ ಕಜಾನ್ ಅರೆನಾ ಕ್ರೀಡಾಂಗಣ ನೋಡಿ (ಈಗ ಅದರ ಹೆಸರು ಅಕ್ ಬಾರ್ಸ್ ಅರೆನಾ), 2018ರ ವಿಶ್ವಕಪ್‌ನಲ್ಲಿ ಕೊರಿಯಾ ಎದುರು ಜರ್ಮನಿ 2-0ಯಿಂದ ಸೋತು ಮನೆಗೆ ಹೋದದ್ದು ಅಲ್ಲೇ. ಮಂಜಿನ ಹಾಕಿ ನೋಡಬೇಕು ಅಂದರೆ ಚಳಿಗಾಲದಲ್ಲೇ ಹೋಗಬೇಕಾಗುತ್ತದೆ. ಸೋಮವಾರಪೇಟೆಯವರನ್ನೂ ಕರೆದುಕೊಂಡು ಹೋಗಿ.